ಮೈಸೂರಲ್ಲಿ ಬಾಡಿಗೆ ಮನೆ: ಕೆರೆ ಪಕ್ಕನಾ, ರಿಂಗ್ ರೋಡ್ ಆಚೆನಾ?

ಬೆಂಗಳೂರು_ಬಿಟ್ಟವನು:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮೈಸೂರಿಗೆ ಬರುತ್ತಿದ್ದೇವೆ. ನಾನು, ಹೆಂಡತಿ, ಆರು ವರ್ಷದ ಮಗಳು, ಅಮ್ಮ. ನನ್ನ ಕೆಲಸ ಮನೆಯಿಂದಲೇ, ವಾರಕ್ಕೊಂದು ದಿನ ಬೆಂಗಳೂರಿಗೆ ಹೋಗಿಬರಬೇಕು. ಮಗಳು ಹಕ್ಕಿ, ಗಿಡ, ಮಣ್ಣು ನೋಡಿಕೊಂಡು ಬೆಳೀಲಿ ಅಂತ ಆಸೆ. ಬ್ರೋಕರ್ ಒಬ್ಬರು ರಿಂಗ್ ರೋಡ್ ಆಚೆ ಹೊಸ ಬಡಾವಣೆಯಲ್ಲಿ ಮನೆ ತೋರಿಸಿದರು. ಟೆರೇಸ್ ಹತ್ತಿದರೆ ಚಾಮುಂಡಿ ಬೆಟ್ಟ ಕಾಣುತ್ತೆ, ಸುತ್ತ ಹೊಲ, ಬಾಡಿಗೆನೂ ಕಡಿಮೆ. ಹೆಂಡತಿಗೆ ತುಂಬಾ ಹಿಡಿಸಿತು. ಅಮ್ಮ ಮಾತ್ರ "ಸಂಜೆ ಒಂದು ಕಟ್ಟು ಕೊತ್ತಂಬರಿ ಬೇಕಂದ್ರೆ ಎಲ್ಲಿಗೆ ಹೋಗ್ಲಿ" ಅಂತಿದ್ದಾರೆ. ಅಲ್ಲೇ ಇರುವವರು ಹೇಳಿ, ಏನು ಮಾಡೋಣ?

ಕೆರೆ_ಏರಿ:
ಸರ್, ಅಮ್ಮನ ಮಾತು ಕೇಳಿ. ಮೈಸೂರಲ್ಲಿ ಹಕ್ಕಿ ನೋಡೋಕೆ ಊರಾಚೆ ಹೋಗಬೇಕಿಲ್ಲ, ಅವು ಊರೊಳಗೇ ಇವೆ. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಪಡುವಾರಹಳ್ಳಿ ಕಡೆ ಮನೆ ಹುಡುಕಿ, ಕುಕ್ಕರಹಳ್ಳಿ ಕೆರೆಗೆ ನಡೆದೇ ಹೋಗಬಹುದು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಕೆರೆ ಅದು. ಬೆಳಿಗ್ಗೆ ಏರಿ ಮೇಲೆ ನಿಂತು ಹೆಜ್ಜಾರ್ಲೆ (ಪೆಲಿಕನ್) ನೀರಿಗಿಳಿಯೋದನ್ನ ಮಗಳಿಗೆ ತೋರಿಸಿ. ಅಷ್ಟು ದೊಡ್ಡ ಮೈ, ಕಾಲು ಮುಂದಕ್ಕೆ ಚಾಚಿ, ನೀರನ್ನು ಸೀಳಿಕೊಂಡು ಸ್ವಲ್ಪ ದೂರ ಜಾರಿ, ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ರೆಕ್ಕೆ ಮಡಚಿ ಕೂರುತ್ತೆ. ಪಕ್ಕದ ಒಣಕೊಂಬೆ ಮೇಲೆ ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಾ ಇರುತ್ತೆ. ಮಕ್ಕಳು ಅದನ್ನ ನೋಡಿದರೆ ಅಲ್ಲಿಂದ ಕದಲಲ್ಲ.

ಬಾಡಿಗೆ ಜಾಸ್ತಿ ಅನ್ನಿಸಿದರೆ ರಾಮಕೃಷ್ಣನಗರ, ದಟ್ಟಗಳ್ಳಿ, ಶ್ರೀರಾಂಪುರ ನೋಡಿ, ಲಿಂಗಾಂಬುಧಿ ಕೆರೆ ಹತ್ತಿರ. ಅದು ಇನ್ನೂ ಹಳೇದು, 1828ರದು.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ. ಕುಕ್ಕರಹಳ್ಳಿಗೆ ಮಳೆನೀರು ತರುತ್ತಿದ್ದದ್ದು ಪೂರ್ಣಯ್ಯ ನಾಲೆ. ಅದರ ದಾರಿಯಲ್ಲಿ ಬಡಾವಣೆ ಮೇಲೆ ಬಡಾವಣೆ ಬಂದು, ನಾಲೆ ಎಷ್ಟೋ ಕಡೆ ಮುಚ್ಚಿಹೋಗಿದೆ. ಕೆರೆ ನೋಡೋಕೆ ಬರುವವರು ಹೆಚ್ಚಾದರು, ಕೆರೆಗೆ ಬರುವ ನೀರು ಕಡಿಮೆಯಾಯಿತು. ಹಾಗಾಗಿ ಮನೆ ಎಲ್ಲೇ ಮಾಡಿ, ಕೆರೆ ಉಳಿಸೋಕೆ ಕೂಗು ಎದ್ದಾಗ ನೀವೂ ಬನ್ನಿ.

ಬಡಾವಣೆ_ಕೊನೆ_ಮನೆ:
ನಾನು ರಿಂಗ್ ರೋಡ್ ಆಚೆಯೇ ಇರೋದು, ಗಾಳಿ ಬೆಳಕಿಗೆ ಮೋಸ ಇಲ್ಲ. ಆದರೆ ಅಡ್ವಾನ್ಸ್ ಕೊಡೋ ಮುಂಚೆ ನಲ್ಲಿಗೆ ಬರೋದು ಕಾವೇರಿ ನೀರಾ, ಬೋರ್‌ವೆಲ್ಲಾ ಅಂತ ಕೇಳಿ, ಬ್ರೋಕರ್‌ನಲ್ಲ, ಪಕ್ಕದ ಮನೆಯವರನ್ನ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸೋ ಖರ್ಚು ಸೇರಿಸಿದರೆ ಉಳಿದ ಬಾಡಿಗೆ ಅಲ್ಲೇ ಹೋಯಿತು. ಬೀದಿದೀಪ, ಚರಂಡಿ ಇದೆಯಾ ಅಂತ ರಾತ್ರಿ ಹೊತ್ತು ಒಮ್ಮೆ ಹೋಗಿ ನೋಡಿ. ಮತ್ತೆ ಚಿರತೆ. ಹೆದರಿಸುತ್ತಿಲ್ಲ, ಬೆಟ್ಟದ ಕಾಡು, ಕಬ್ಬಿನ ಗದ್ದೆ ಪಕ್ಕದಲ್ಲಿದ್ದರೆ ಅದು ಬಂದೇ ಬರುತ್ತೆ, ಬೀದಿನಾಯಿ ಹಿಡಿಯೋಕೆ. ಕತ್ತಲಾದ ಮೇಲೆ ಮಗುವನ್ನ ಒಂಟಿಯಾಗಿ ಹೊರಗೆ ಬಿಡಬೇಡಿ. ಆ ಹೊಲ ಕೂಡ ಎಷ್ಟು ದಿನ ಹೊಲವಾಗಿರುತ್ತೆ ಹೇಳಿ? ನಾವು ಬಂದಾಗ ಎದುರಿಗೆ ರಾಗಿ ತೆನೆ ತೂಗುತ್ತಿತ್ತು, ಈಗ ಸೈಟ್ ಕಲ್ಲು ನೆಟ್ಟಿದ್ದಾರೆ.

ಮಂಡ್ಯದ_ಹುಡುಗಿ:
ಮಂಡ್ಯನೂ ಸ್ವಲ್ಪ ನೆನೆಸಿಕೊಳ್ಳಿ ಅಣ್ಣಾ! ರಂಗನತಿಟ್ಟು ಶ್ರೀರಂಗಪಟ್ಟಣದ ಪಕ್ಕದಲ್ಲೇ ಇದೆ, ಅಂದ್ರೆ ನಮ್ಮ ಜಿಲ್ಲೆನೇ. 1940ರಿಂದ ಪಕ್ಷಿಧಾಮ, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಗೂಡು, ಮರಿ ನೋಡಬೇಕಂದ್ರೆ ಬೇಸಿಗೆಯಲ್ಲಿ ಹೋಗಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟರೆ ದೋಣಿ ನಿಲ್ಲಿಸಿಬಿಡ್ತಾರೆ, ಅಷ್ಟು ದೂರ ಹೋಗಿ ವಾಪಸ್ ಬರಬೇಕಾಗುತ್ತೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಮಗಳನ್ನ ಖಂಡಿತ ಕರೆದುಕೊಂಡು ಹೋಗಿ. ಅಲ್ಲಿ ಬೇಲಿ ಇಲ್ಲ, ಮನೆಗಳ ನಡುವಿನ ಹುಣಸೆ ಮರದಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಊರಿನವರು ಅವನ್ನ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ. ಅಂಗಳದಲ್ಲಿ ಹಿಕ್ಕೆ ಬಿದ್ದರೂ ಬೈಯಲ್ಲ, ಅದು ಹೊಲಕ್ಕೆ ಗೊಬ್ಬರ.

ಬೆಂಗಳೂರಿಗೆ ರೈಲೇ ಹಿಡಿಯಿರಿ. ಬೈಕ್ ಇದ್ದರೆ ಎಕ್ಸ್‌ಪ್ರೆಸ್‌ವೇ ಮರೆತುಬಿಡಿ, 2023ರ ಆಗಸ್ಟ್‌ನಿಂದ ಬಿಡಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು.

ಬೆಂಗಳೂರು_ಬಿಟ್ಟವನು:
ತುಂಬಾ ಥ್ಯಾಂಕ್ಸ್. ನೀರಿನ ವಿಷಯ ನಮ್ಮ ತಲೆಗೇ ಹೊಳೆದಿರಲಿಲ್ಲ. ಹೆಂಡತಿಗೂ ಓದಿ ಹೇಳಿದೆ, ಲಿಂಗಾಂಬುಧಿ ಕಡೆ ನೋಡೋಣ ಅಂದಳು. ಅಮ್ಮನಿಗೆ ಮಂಡಿನೋವು, ಕೆರೆ ದಾರಿ ಮೆಟ್ಟಿಲಿಲ್ಲದೆ ಸಮವಾಗಿದೆಯಾ?

ಕೆರೆ_ಏರಿ:
ಬಹುತೇಕ ಸಮ ಇದೆ ಸರ್, ಮಣ್ಣಿನ ದಾರಿ, ಮಳೆ ಬಂದ ಮಾರನೇ ದಿನ ಮಾತ್ರ ಜಾರುತ್ತೆ. ಶನಿವಾರ ಬೆಳಿಗ್ಗೆ ಅಮ್ಮನನ್ನೇ ಕರೆದುಕೊಂಡು ಬನ್ನಿ, ಅವರು ನಡೆದು ನೋಡಲಿ, ಆಮೇಲೆ ಸುತ್ತಮುತ್ತ ಟು-ಲೆಟ್ ಬೋರ್ಡ್ ಹುಡುಕೋಣ. ನಾನೂ ಬರುತ್ತೇನೆ.