ಅಪ್‌ಡೇಟ್: ಅಮ್ಮನ ಜೊತೆ ಪ್ರಾಗ್‌ನಲ್ಲಿ ಒಂದು ದಿನ

ಮಂಡಿ ನೋವಿರುವ ಅಮ್ಮನನ್ನು ಕರೆದುಕೊಂಡು, ಗೈಡ್ ಜೊತೆ ಒಂದೇ ದಿನದಲ್ಲಿ ಪ್ರಾಗ್ ನೋಡಬಹುದಾ ಎಂದು ಹೋದ ತಿಂಗಳು ಕೇಳಿದ್ದೆ. ಹೋಗಿ ಬಂದೆವು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

"ಮೊದಲು ಕೋಟೆಗೆ ಹೋಗಿ, ಆಮೇಲೆ ಇಳಿದು ಬನ್ನಿ" ಎಂದಿದ್ದಿರಲ್ಲ, ಆ ಮಾತೇ ನಮ್ಮನ್ನು ಕಾಪಾಡಿತು. 22ನೇ ನಂಬರ್ ಟ್ರಾಮ್ ಗುಡ್ಡದ ಮೇಲೇ ಇಳಿಸುತ್ತದೆ. ಅಲ್ಲಿನ ಸೇಂಟ್ ವೀಟಸ್ ಚರ್ಚ್ ಕಟ್ಟಲು ಶುರುವಾಗಿದ್ದು 1344ರಲ್ಲಿ, ಮುಗಿದಿದ್ದು 1929ರಲ್ಲಿ! ಬಣ್ಣದ ಗಾಜಿನ ಕಿಟಕಿಗಳನ್ನು ನೋಡುತ್ತಾ ಅಮ್ಮ ಅಲ್ಲೇ ಕೂತುಬಿಟ್ಟರು.

ನನಗೆ ಮನಸ್ಸಲ್ಲಿ ಉಳಿದಿದ್ದು ಚಾರ್ಲ್ಸ್ ಸೇತುವೆ. ವ್ಲ್ಟಾವಾ ನದಿಗೆ ಅಡ್ಡಲಾಗಿ ರಾಜ ನಾಲ್ಕನೇ ಚಾರ್ಲ್ಸ್ 1357ರಲ್ಲಿ ಶುರು ಮಾಡಿಸಿದ್ದು. ಎರಡೂ ಬದಿ ಸೇರಿ 30 ಪ್ರತಿಮೆ ಸಾಲು. ಹೆಚ್ಚಿನವು ನಕಲಂತೆ, ಮಳೆ ಹೊಗೆಗೆ ಹಾಳಾಗದಿರಲಿ ಎಂದು ಮೂಲ ಪ್ರತಿಮೆಗಳನ್ನು ಒಳಗಿಟ್ಟಿದ್ದಾರೆ. ನೆಪೊಮುಕ್‌ನ ಜಾನ್ ಎಂಬ ಪಾದ್ರಿಯನ್ನು 1393ರಲ್ಲಿ ಆಗಿನ ರಾಜನ ಆಜ್ಞೆಯಂತೆ ಈ ನದಿಗೇ ಎಸೆದರಂತೆ. ಅವರ ಪ್ರತಿಮೆಯ ಕೆಳಗಿನ ಲೋಹದ ಫಲಕ ಜನ ಮುಟ್ಟಿ ಮುಟ್ಟಿ ಹೊಳೆಯುತ್ತಿದೆ. ಅಮ್ಮನೂ ಮುಟ್ಟಿ ಕಣ್ಣಿಗೊತ್ತಿಕೊಂಡರು. ಕತೆ ಗೊತ್ತಾಗಿದ್ದು ಗೈಡ್ ಇದ್ದಿದ್ದರಿಂದಲೇ, ಅಲ್ವಾ?

ಹಳೇ ಪೇಟೆಯ ಚೌಕದಲ್ಲಿರುವ 1410ರ ಖಗೋಳ ಗಡಿಯಾರದ ಮುಂದೆ ಜನ ಜಾಸ್ತಿ. ಗಂಟೆಗೊಮ್ಮೆ ಬರುವ ಗೊಂಬೆಗಳು ನಿಮಿಷದೊಳಗೇ ಮಾಯ.

ಒಂದೇ ತೊಂದರೆ: ದಾರಿಯೆಲ್ಲ ಕಲ್ಲುಹಾಸು. ಸಂಜೆಗೆ ಅಮ್ಮನ ಕಾಲು ಊದಿತ್ತು. ದಪ್ಪ ಅಡಿಯ ಶೂ ಹಾಕಿಸಿ. ಮಧ್ಯಾಹ್ನ ಒಂದು ಗಂಟೆ ಸುಮ್ನೆ ಕೂರಲು ಬಿಡಿ ಎಂದು ಗೈಡ್‌ಗೆ ಮೊದಲೇ ಹೇಳಿಡಿ.