ಪರ್ಲ್‌ನಲ್ಲಿ ಅರೇಯೊಳಗೆ ಅರೇ ಇಡಲು ರೆಫರೆನ್ಸ್ ಏಕೆ ಬೇಕು?

ಪ್ರಶ್ನೆ:
ಹಲವು ವರ್ಷ ಪೈಥಾನ್‌ನಲ್ಲಿ ಕೆಲಸ ಮಾಡಿದ ನನಗೆ ಈಗ ಹಳೆಯ ಪರ್ಲ್ ಪ್ರೋಗ್ರಾಮ್ ಒಂದನ್ನು ನೋಡಿಕೊಳ್ಳುವ ಹೊಣೆ ಬಂದಿದೆ. ವಿದ್ಯಾರ್ಥಿಗಳ ಅಂಕಗಳನ್ನು ಸಾಲು ಸಾಲಾಗಿ ಇಡಲೆಂದು ಒಂದು ಪಟ್ಟಿಯ ಆವರಣದೊಳಗೆ ಇನ್ನೊಂದು ಪಟ್ಟಿಯನ್ನು ಬರೆದರೆ, ಒಳಗಿನದು ಕರಗಿ ಎಲ್ಲವೂ ಒಂದೇ ಅರೇ (ಮೌಲ್ಯಗಳನ್ನು ಸಾಲಾಗಿ ಇಡುವ ರಚನೆ) ಆಗುತ್ತದೆ. ಎರಡು ಅರೇಗಳನ್ನು ಫಂಕ್ಷನ್‌ಗೆ ಕಳುಹಿಸಿದರೂ ಅವು ಒಂದರೊಡನೊಂದು ಬೆರೆತುಹೋಗುತ್ತವೆ. ಅರೇಯನ್ನೇ ನೇರವಾಗಿ ಒಂದು ಮೌಲ್ಯವೆಂದು ಪರಿಗಣಿಸದೆ, ಅದು ಎಲ್ಲಿದೆಯೆಂದು ತೋರಿಸುವ ರೆಫರೆನ್ಸ್ ಎಂಬ ಸುತ್ತುದಾರಿಯನ್ನು ಭಾಷೆ ಏಕೆ ಹಿಡಿಯಿತು?

ಉತ್ತರ 1:
ಪರ್ಲ್ 4ರಲ್ಲಿ ಅರೇಯ ಪ್ರತಿ ಅಂಶವೂ ಸ್ಕೇಲಾರ್ ಆಗಿರಬೇಕಿತ್ತು, ಅಂದರೆ ಒಂದು ಸಂಖ್ಯೆ ಅಥವಾ ಒಂದು ಸ್ಟ್ರಿಂಗ್. 1994ರಲ್ಲಿ ಬಂದ ಪರ್ಲ್ 5 ಆ ನಿಯಮವನ್ನೂ ಪಟ್ಟಿಗಳು ಕರಗುವ ಗುಣವನ್ನೂ ಹಾಗೆಯೇ ಉಳಿಸಿಕೊಂಡು, ಅರೇಯನ್ನು ತೋರಿಸಬಲ್ಲ ಹೊಸ ಬಗೆಯ ಸ್ಕೇಲಾರನ್ನು ಸೇರಿಸಿತು, ಅದೇ ರೆಫರೆನ್ಸ್. ವೇರಿಯಬಲ್‌ಗೆ ಕೊಡಲು, ಫಂಕ್ಷನ್‌ಗೆ ಕಳುಹಿಸಲು, ಅಲ್ಲಿಂದ ಹಿಂದಿರುಗಿಸಲು ಅಡ್ಡಿಯಿಲ್ಲದ ಮೌಲ್ಯವನ್ನು ಪ್ರಥಮ ದರ್ಜೆಯದೆಂದು ಕರೆಯುತ್ತೇವೆ. ಈ ದರ್ಜೆಗಳ ಮಾತನ್ನು 1967ರ ಉಪನ್ಯಾಸಗಳಲ್ಲಿ ಮುಂದಿಟ್ಟವರು ಕ್ರಿಸ್ಟೋಫರ್ ಸ್ಟ್ರೇಚಿ. ಆ ಅಳತೆಯಲ್ಲಿ ಪರ್ಲ್‌ನ ಅರೇ ಎರಡನೆಯ ದರ್ಜೆಯದು, ಅದರ ರೆಫರೆನ್ಸ್ ಮೊದಲನೆಯದು. ಸಿ ಭಾಷೆಯ ಅರೇಯ ಪಾಡೂ ಇದೇ: ಹಲವು ಮೌಲ್ಯಗಳನ್ನು ಒಟ್ಟಿಗೆ ಕಟ್ಟಿಡುವ ಸ್ಟ್ರಕ್ಟ್ ಒಂದನ್ನು ಇನ್ನೊಂದಕ್ಕೆ ನೇರವಾಗಿ ಕೊಡಬಹುದು, ಅರೇಯನ್ನು ಕೊಡಲಾಗದು, ಫಂಕ್ಷನ್‌ಗೆ ಹೋಗುವುದು ಅದರ ಮೊದಲ ಅಂಶದ ಪಾಯಿಂಟರ್ (ಮೆಮೊರಿ ವಿಳಾಸ) ಮಾತ್ರ.

ಉತ್ತರ 2:
ಪೈಥಾನ್‌ನಲ್ಲಿ ರೆಫರೆನ್ಸ್ ಇಲ್ಲವೆಂದು ಭಾವಿಸಬೇಡಿ. ಅಲ್ಲಿ ಎಲ್ಲವೂ ರೆಫರೆನ್ಸ್ ಆಗಿರುವುದರಿಂದಲೇ ಅದು ಕಣ್ಣಿಗೆ ಬೀಳುವುದಿಲ್ಲ. ಮೂರು ಸೊನ್ನೆಗಳ ಲಿಸ್ಟನ್ನು ಇನ್ನೊಂದು ಲಿಸ್ಟಿನೊಳಗಿಟ್ಟು 3ರಿಂದ ಗುಣಿಸಿದರೆ ಮೂರು ಸಾಲುಗಳು ಸಿಕ್ಕಂತೆ ಕಾಣುತ್ತದೆ, ಆದರೆ ಒಂದು ಸಾಲಿನಲ್ಲಿ ಅಂಕ ಬದಲಿಸಿದರೆ ಮೂರರಲ್ಲೂ ಬದಲಾಗುತ್ತದೆ, ಏಕೆಂದರೆ ಅಲ್ಲಿರುವುದು ಒಂದೇ ಲಿಸ್ಟ್. ಈ ದೋಷವನ್ನು ಹುಡುಕುತ್ತಾ ನಾನು ಒಂದು ಇಡೀ ದಿನ ಕಳೆದಿದ್ದೇನೆ. ಹೀಗೆ ಒಂದೇ ಅರೇಯನ್ನು ಹಲವು ಕಡೆ ಹಂಚಿಕೊಳ್ಳಲಾಗುತ್ತಿದೆ ಎಂಬುದನ್ನು ಪರ್ಲ್ ಬರವಣಿಗೆಯಲ್ಲೇ ತೋರಿಸುತ್ತದೆ ಎಂಬ ಕಾರಣಕ್ಕೆ ಅದರ ಕಿರಿಕಿರಿಯನ್ನು ನಾನು ಸಹಿಸುತ್ತೇನೆ.

ಉತ್ತರ 3:
ಇನ್ನೊಂದು ದಾರಿಯೂ ಇದೆ. ಪಿಎಚ್‌ಪಿ ಮತ್ತು ಸ್ವಿಫ್ಟ್ ಭಾಷೆಗಳಲ್ಲಿ ಅರೇ ನಿಜವಾಗಿಯೂ ಮೌಲ್ಯವೇ: ಬೇರೆ ವೇರಿಯಬಲ್‌ಗೆ ಕೊಟ್ಟರೆ ಅದು ಸ್ವತಂತ್ರ ಪ್ರತಿಯಂತೆ ವರ್ತಿಸುತ್ತದೆ, ಆದರೆ ಯಾರಾದರೂ ಅದನ್ನು ತಿದ್ದುವವರೆಗೆ ಮೆಮೊರಿಯಲ್ಲಿ ನಕಲು ನಡೆಯುವುದಿಲ್ಲ. ಅಂಕಪಟ್ಟಿಯಂತಹ ದತ್ತಾಂಶಕ್ಕೆ ಇದಕ್ಕಿಂತ ಒಳ್ಳೆಯ ವಿನ್ಯಾಸ ನನಗೆ ಕಾಣದು. ಆದರೆ ದತ್ತಾಂಶವನ್ನು ಕೊಂಬೆಗಳಂತೆ ಜೋಡಿಸಿದ ಮರದಲ್ಲಿ, ಮಗು ನೋಡ್ (ಮರದ ಒಂದು ಘಟಕ) ತನ್ನ ತಾಯಿ ನೋಡನ್ನು ಮರಳಿ ತೋರಿಸಬೇಕಾದಾಗ ಪ್ರತಿ ಸಾಲದು, ಅದೇ ವಸ್ತು ಬೇಕು; ಅಲ್ಲಿ ರೆಫರೆನ್ಸ್ ಅನಿವಾರ್ಯ. ಪರ್ಲ್ ಮೆಮೊರಿಯನ್ನು ರೆಫರೆನ್ಸ್‌ಗಳ ಎಣಿಕೆಯಿಂದ ನಿರ್ವಹಿಸುವುದರಿಂದ, ಅಂತಹ ಚಕ್ರದಲ್ಲಿ ಒಂದು ಕೊಂಡಿಯನ್ನು ದುರ್ಬಲಗೊಳಿಸದಿದ್ದರೆ (ಎಣಿಕೆಗೆ ಸೇರದಂತೆ ಮಾಡದಿದ್ದರೆ) ಮೆಮೊರಿ ಬಿಡುಗಡೆಯಾಗುವುದೇ ಇಲ್ಲ.

ಪ್ರಶ್ನೆ ಕೇಳಿದವರು:
ಹಾಗಾದರೆ ಪರ್ಲ್‌ನಲ್ಲಿ ಹೊರಗಿನ ಅರೇಯನ್ನು ನಕಲು ಮಾಡಿದರೆ ಒಳಗಿನ ಸಾಲುಗಳೂ ನಕಲಾಗುತ್ತವೆಯೇ?

ಉತ್ತರ 2:
ಇಲ್ಲ, ರೆಫರೆನ್ಸ್‌ಗಳು ಮಾತ್ರ ನಕಲಾಗುತ್ತವೆ. ಒಳಗಿನ ಸಾಲುಗಳೂ ಬೇರೆಯಾಗಬೇಕಿದ್ದರೆ ಪರ್ಲ್ ಜೊತೆಗೇ ಬರುವ ಸ್ಟೋರಬಲ್ ಮಾಡ್ಯೂಲ್‌ನ ಡಿಕ್ಲೋನ್ ಬಳಸಿರಿ.