ಅಪ್ಪ-ಅಮ್ಮನ ಯೂರೋಪ್ ಟೂರ್: ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬಹುದು?

ಡೊಂಬಿವಲಿ_ಪೂರ್ವ

ಅಪ್ಪನಿಗೆ 67, ಅಮ್ಮನಿಗೆ 62. ಮೇ ತಿಂಗಳಲ್ಲಿ 12 ದಿನದ ಗ್ರೂಪ್ ಟೂರ್: ಲಂಡನ್, ಪ್ಯಾರಿಸ್, ಸ್ವಿಟ್ಜರ್‌ಲೆಂಡ್, ರೋಮ್. ಅಪ್ಪನಿಗೆ ಬಿಪಿ, ಶುಗರ್ ಎರಡಕ್ಕೂ ಮಾತ್ರೆ ನಡೆಯುತ್ತಿದೆ. ಟೂರಿನವರು 50,000 ಡಾಲರ್ ಪಾಲಿಸಿ ಪ್ಯಾಕೇಜಿನಲ್ಲೇ ಸೇರಿದೆ ಅನ್ನುತ್ತಾರೆ. ಬೇರೆ ಒಬ್ಬ ಏಜೆಂಟ್ 5 ಲಕ್ಷ ಡಾಲರಿನದು ತೋರಿಸುತ್ತಿದ್ದಾನೆ, ಪ್ರೀಮಿಯಂ ಎರಡೂವರೆ ಪಟ್ಟು. ಅದರಲ್ಲಿ ಬ್ಯಾಗೇಜ್, ವಿಮಾನ ತಡ, ಮನೆ ಕಳ್ಳತನ ಎಲ್ಲ ಇದೆ. ಫಾರ್ಮಿನಲ್ಲಿ ಬಿಪಿ-ಶುಗರ್ "ಇಲ್ಲ" ಅಂತ ಬರೆದರೆ ಅಗ್ಗವಾಗುತ್ತೆ ಅಂತಲೂ ಅಂದ. ಏನು ಮಾಡಲಿ?

ಮಾಟುಂಗಾ_ಕ್ಲೇಮ್ಸ್

ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. "ಇಲ್ಲ" ಅಂತ ದಯವಿಟ್ಟು ಬರೆಯಬೇಡಿ. ಎಮರ್ಜೆನ್ಸಿಗೆ ಹೋದ ತಕ್ಷಣ ಅಲ್ಲಿಯ ನರ್ಸ್ ಕೇಳುವ ಮೊದಲ ಪ್ರಶ್ನೆಗಳಲ್ಲೇ "ಯಾವ ಮಾತ್ರೆ ತಗೋತೀರಿ" ಅನ್ನೋದೂ ಇರುತ್ತದೆ. ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಅಂತ ದಾಖಲಾಗುತ್ತದೆ. ಕ್ಲೇಮ್ ಬಂದಾಗ ಕಂಪನಿ ನಿಮ್ಮ ಫ್ಯಾಮಿಲಿ ಡಾಕ್ಟರ ಹಳೆಯ ಕಾಗದ ಕೇಳುತ್ತದೆ. ಅದರಲ್ಲಿ "ಕೆ/ಸಿ/ಓ ಎಚ್‌ಟಿಎನ್, ಡಿಎಂ" (ಮೊದಲಿನಿಂದಲೂ ಬಿಪಿ, ಶುಗರ್ ಇದೆ) ಅಂತ ಒಂದು ಸಾಲು ಸಿಕ್ಕರೆ ಸಾಕು, ವಿಷಯ ಮುಚ್ಚಿಟ್ಟಿರಿ ಎಂಬ ಕಾರಣಕ್ಕೆ ಕ್ಲೇಮ್ ಹೋಯಿತು. ಉಳಿಸಿದ್ದು ಸಾವಿರದ ಲೆಕ್ಕ, ಕಳೆದುಕೊಳ್ಳುವುದು ಲಕ್ಷದ ಲೆಕ್ಕ.

ನಿಜ ಬರೆದ ಮೇಲೂ ಒಂದು ವಿಷಯ ಗೊತ್ತಿರಲಿ. ಸಾಮಾನ್ಯ ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಗೆ ಕವರ್ ಇರುವುದು ಜೀವಕ್ಕೆ ಅಪಾಯವಾದ ತುರ್ತು ಸ್ಥಿತಿಯಲ್ಲಿ ಮಾತ್ರ, ಅದೂ ಸ್ಥಿತಿ ಹತೋಟಿಗೆ ಬರುವ ತನಕ. ಕೆಲವು ಪಾಲಿಸಿಗಳಲ್ಲಿ ಅದಕ್ಕೂ ಬೇರೆ ಮಿತಿ. ಪಾಲಿಸಿ ವರ್ಡಿಂಗ್ಸ್ ಪಿಡಿಎಫ್ ತರಿಸಿಕೊಂಡು "ಪ್ರಿ-ಎಕ್ಸಿಸ್ಟಿಂಗ್" ಅಂತ ಸರ್ಚ್ ಮಾಡಿ, ಆ ಕಲಮನ್ನು ಪೂರ್ತಿ ಓದಿ. ಬ್ರೋಷರಿನಲ್ಲಿ ಇದು ಸಿಗುವುದಿಲ್ಲ.

ಈಗ ಮೊತ್ತ. 5 ಲಕ್ಷ ಡಾಲರ್ ಅನ್ನೋ ಅಂಕಿ ನೋಡಿ ಮರುಳಾಗಬೇಡಿ. 60 ದಾಟಿದವರ ಬಹಳಷ್ಟು ಪ್ಲ್ಯಾನುಗಳಲ್ಲಿ ಸಬ್-ಲಿಮಿಟ್ ಇರುತ್ತದೆ: ರೂಮಿಗೆ ದಿನಕ್ಕೆ ಇಷ್ಟು, ಐಸಿಯುಗೆ ಇಷ್ಟು, ಸರ್ಜನ್ ಫೀಸಿಗೆ ಇಷ್ಟು, ಆಂಬುಲೆನ್ಸಿಗೆ ಇಷ್ಟು. ಐಸಿಯು ಬಿಲ್ಲು ದಿನಕ್ಕೆ 4,000 ಡಾಲರ್ ಬಂದು, ಮಿತಿ 2,000 ಇದ್ದರೆ, ಐದು ದಿನಕ್ಕೆ 10,000 ಡಾಲರ್ ನಿಮ್ಮ ಕೈಯಿಂದ ಹೋಗುತ್ತದೆ. ಪಾಲಿಸಿಯ ಒಟ್ಟು ಮೊತ್ತ 50,000 ಇರಲಿ, 5 ಲಕ್ಷ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ. ಹಾಗಾಗಿ ಸಬ್-ಲಿಮಿಟ್ ಇಲ್ಲದ 1 ಲಕ್ಷ ಡಾಲರಿನ ಪಾಲಿಸಿ, ಸಬ್-ಲಿಮಿಟ್ ಇರುವ 5 ಲಕ್ಷದ್ದಕ್ಕಿಂತ ಮೇಲು. ಯೂರೋಪಿಗೆ ನಾನು 1 ಲಕ್ಷದಿಂದ 2.5 ಲಕ್ಷದ ನಡುವೆ ನಿಲ್ಲಿಸುತ್ತೇನೆ. 5 ಲಕ್ಷದ ಯೋಚನೆ ಅಮೆರಿಕಕ್ಕೆ ಹೋಗುವವರಿಗೆ ಸರಿ.

ಟೂರಿನವರ ಪಾಲಿಸಿಗೆ ಸರ್ಟಿಫಿಕೇಟ್ ಜೊತೆ ಸಬ್-ಲಿಮಿಟ್ ಪಟ್ಟಿಯನ್ನೂ ಕೇಳಿ. 50,000 ಡಾಲರ್ ಅಂದರೆ ಷೆಂಗೆನ್ ವೀಸಾದ (ಯೂರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ) ಕನಿಷ್ಠ 30,000 ಯೂರೋ ದಾಟುವ ಮೊತ್ತ, ಅಷ್ಟೇ. ವೀಸಾಕ್ಕೆ ಸಾಕು. 67 ವರ್ಷದ ಶುಗರ್ ಪೇಷಂಟಿಗೆ ಸಾಲದು.

ಎರಂಡವಣೆ_ಪುಣೆ

ಮೇಲಿನವರು ಹೇಳಿದ್ದು ಖರೆ. ನಾ ತಾರೀಖಿನ ಬಗ್ಗೆ ಹೇಳ್ತೀನಿ, ಅಲ್ಲೇ ಭಾಳ ಮಂದಿ ತಪ್ಪತಾರ.

ಮುಂಬೈ ಟಿ2ದಿಂದ ರಾತ್ರಿ 2ಕ್ಕ ವಿಮಾನ ಅಂತ ತಿಳ್ಕೋರಿ, ಟಿಕೆಟ್ ಮ್ಯಾಲೆ 11ನೇ ತಾರೀಖು. ಆದ್ರ ಇಮಿಗ್ರೇಶನ್ ಮುದ್ರಿ 10ರ ರಾತ್ರಿ 11:30ಕ್ಕೇ ಬೀಳಬಹುದು. ಬರುವಾಗ ರೋಮ್ 22ಕ್ಕ ಬಿಟ್ಟು ಮುಂಬೈಕ್ಕ 23ಕ್ಕ ಇಳೀತಾರ. ಅಂದ್ರ ಬ್ರೋಷರಿನ್ಯಾಗಿನ 12 ದಿನಕ್ಕ 14 ದಿನದ ಪಾಲಿಸಿ ಬೇಕು, 10ರಿಂದ 23. ದರ ದಿನದ ಸ್ಲ್ಯಾಬಿನ ಮ್ಯಾಲಿದ್ರ ಎರಡು ದಿನ ಕೂಡಿಸಿದ್ರೂ ರೊಕ್ಕ ಅಷ್ಟೇ ಇರಬಹುದು, ಕೇಳಿ ನೋಡ್ರಿ.

ಲಂಡನ್ ಅದ ಅಂದ್ರಲ್ಲ, ಅದನ್ನ ಮರೀಬ್ಯಾಡ್ರಿ. ಬ್ರಿಟನ್ ಷೆಂಗೆನ್‌ದಾಗ ಇಲ್ಲ. ಅವರ ವೀಸಾಕ್ಕ ಇನ್ಶೂರೆನ್ಸ್ ಕೇಳೂದೂ ಇಲ್ಲ, ಹಿಂಗಾಗಿ ಏಜೆಂಟ್ರು "ಷೆಂಗೆನ್ ಓನ್ಲಿ" ಪಾಲಿಸಿ ಕೊಟ್ಟು ಕೈ ತೊಳ್ಕೋತಾರ. ನಿಮಗ ಬೇಕಾದ್ದು "ಅಮೆರಿಕ-ಕೆನಡಾ ಬಿಟ್ಟು ಉಳಿದ ಜಗತ್ತು" ಅನ್ನೋ ಪ್ಲ್ಯಾನ್. ಅಮೆರಿಕ ಸೇರಿದ ಪ್ಲ್ಯಾನಿಗೆ ಮಾತ್ರ ಹೋಗಬ್ಯಾಡ್ರಿ, ದರ ಏರೂದೇ ಅಲ್ಲಿ. ಸ್ವಿಟ್ಜರ್‌ಲೆಂಡ್ ಯೂರೋಪಿಯನ್ ಯೂನಿಯನ್‌ದಾಗ ಇಲ್ಲದಿದ್ರೂ ಷೆಂಗೆನ್‌ದಾಗ ಅದ, ಅದರ ಚಿಂತಿ ಇಲ್ಲ.

ವೀಸಾ ಸರ್ಟಿಫಿಕೇಟಿನ್ಯಾಗ ಪಾಸ್‌ಪೋರ್ಟಿನ ಹೆಸರು ಅಕ್ಷರ ತಪ್ಪದ ಹಂಗೇ ಇರಬೇಕು. ಎಲ್ಲಾ ಷೆಂಗೆನ್ ದೇಶಕ್ಕ ಅನ್ವಯ ಅಂತ, ಸ್ವದೇಶಕ್ಕ ವಾಪಸ್ ಕಳಸೋ ಖರ್ಚು ಸೇರೇದ ಅಂತ ಬರದಿರಬೇಕು. ವೀಸಾ ರಿಜೆಕ್ಟ್ ಆದ್ರ ಪಾಲಿಸಿ ಶುರು ಆಗೂದರ ಒಳಗ ರದ್ದು ಮಾಡಸ್ರಿ. ರಿಜೆಕ್ಷನ್ ಪತ್ರ ಕೊಟ್ರ ಸಣ್ಣ ಚಾರ್ಜ್ ಹಿಡ್ಕೊಂಡು ಉಳದದ್ದು ವಾಪಸ್ ಕೊಡೋ ಕಂಪನಿಗಳು ಅವ.

ಉಳಿಸೂದಿದ್ರ ಡಿಡಕ್ಟಿಬಲ್ (ಬಿಲ್ಲಿನ್ಯಾಗ ಮೊದಲ ನೀವು ಕೊಡೋ ಪಾಲು) ಇದ್ದದ್ದು ತಗೋರಿ. 100 ಡಾಲರ್ ಡಿಡಕ್ಟಿಬಲ್ ಅಂದ್ರ ಜ್ವರ, ಹಲ್ಲು ನೋವಿನಂಥಾ ಸಣ್ಣ ಬಿಲ್ಲು ನಿಮ್ಮದು, ದೊಡ್ಡದು ಕಂಪನಿದು. ಇನ್ಶೂರೆನ್ಸ್ ಇರಬೇಕಾದದ್ದೇ ದೊಡ್ಡದಕ್ಕ.

ಮಡಗಾಂವ್_ಘಟ್ಟ

ಬ್ಯಾಗೇಜಿಗೆ ಜಾಸ್ತಿ ಕೊಡ್ಬೇಡಿ ಮಾರಾಯ್ರೆ. ಅಂತರರಾಷ್ಟ್ರೀಯ ವಿಮಾನದಲ್ಲಿ ಬ್ಯಾಗ್ ಕಳೆದರೆ ಏರ್‌ಲೈನಿಗೇ ಜವಾಬ್ದಾರಿ ಉಂಟು. ಮಾಂಟ್ರಿಯಲ್ ಕನ್ವೆನ್ಷನ್ (ವಿಮಾನ ಪ್ರಯಾಣದ ಅಂತರರಾಷ್ಟ್ರೀಯ ಒಪ್ಪಂದ) ಮಿತಿ 2024 ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕನಿಗೆ 1,519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಘಟಕ), ರೂಪಾಯಿಯಲ್ಲಿ ಲಕ್ಷದ ಮೇಲೆ. ಇನ್ಶೂರೆನ್ಸಿನ ಬ್ಯಾಗೇಜ್ ಕವರಿನಲ್ಲಿ ಚಿನ್ನ, ನಗದು ಸಾಮಾನ್ಯವಾಗಿ ಸೇರುವುದೇ ಇಲ್ಲ. ಉಳಿದ ವಸ್ತುವಿಗೂ ಒಂದೊಂದಕ್ಕೆ ಮಿತಿ.

ಆದರೆ ಕಾಗದ ಇಲ್ಲದಿದ್ದರೆ ಎರಡೂ ಕಡೆ ಸಿಗುವುದಿಲ್ಲ. ಬೆಲ್ಟಿನಲ್ಲಿ ಬ್ಯಾಗ್ ಬರಲಿಲ್ಲ ಅಂದರೆ ಏರ್‌ಪೋರ್ಟಿನಿಂದ ಹೊರಗೆ ಬರುವ ಮೊದಲೇ ಏರ್‌ಲೈನ್ ಕೌಂಟರಿನಲ್ಲಿ ಪಿಐಆರ್ (ಬ್ಯಾಗ್ ಬಗ್ಗೆ ದೂರಿನ ವರದಿ) ಬರೆಸಿ ನಂಬರ್ ತಗೊಳ್ಳಿ. ಬ್ಯಾಗ್ ಹರಿದಿದ್ದರೆ 7 ದಿನದೊಳಗೆ ಲಿಖಿತ ದೂರು ಕೊಡಬೇಕು, ತಡವಾಗಿ ಸಿಕ್ಕಿದ್ದರೆ ಸಿಕ್ಕ ದಿನದಿಂದ 21 ದಿನದೊಳಗೆ. 21 ದಿನವಾದರೂ ಬರದಿದ್ದರೆ ಕಳೆದದ್ದೆಂದೇ ಲೆಕ್ಕ.

ಗೋವಾ ಕಡೆಯಿಂದ ಥಾಯ್ಲೆಂಡಿಗೆ ಹೋಗುವ ಹುಡುಗರಿಗೂ ಒಂದು ಮಾತು. ಬಾಡಿಗೆ ಸ್ಕೂಟರಿನಲ್ಲಿ ಬಿದ್ದರೆ ಕಂಪನಿ ಕೇಳುವುದು ಲೈಸೆನ್ಸ್. ಆರ್‌ಟಿಒದಲ್ಲಿ ಫಾರ್ಮ್ 4ಎ ಕೊಟ್ಟು 1,000 ರೂಪಾಯಿಗೆ ಐಡಿಪಿ (ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್) ಮಾಡಿಸಿ, ಅದರಲ್ಲಿ ಟೂ-ವೀಲರ್ ವರ್ಗ ನಮೂದಾಗಿದೆಯಾ ನೋಡಿ. ಸ್ಕೂಬಾ ಇದ್ದರೆ ಅಡ್ವೆಂಚರ್ ಸ್ಪೋರ್ಟ್ಸ್ ಕವರ್ ಬೇರೆ ಸೇರಿಸಬೇಕಾಗ್ತದೆ.

ಡೊಂಬಿವಲಿ_ಪೂರ್ವ

ಟೂರಿನವರ ಪಟ್ಟಿ ತರಿಸಿದೆ, ಸಬ್-ಲಿಮಿಟ್ ಇದೆ. ಬೇರೆ ಮಾಡಿಸುತ್ತೇನೆ. ಅಲ್ಲಿ ಏನಾದರೂ ಆದರೆ ಅವರಿಬ್ಬರೇ ಕ್ಲೇಮ್ ಮಾಡೋದು ಹೇಗೆ? ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ.

ಮಾಟುಂಗಾ_ಕ್ಲೇಮ್ಸ್

ಅಡ್ಮಿಟ್ ಆಗಬೇಕಾದರೆ ಮೊದಲು ಪಾಲಿಸಿಯ ಅಸಿಸ್ಟೆನ್ಸ್ ನಂಬರಿಗೆ ಫೋನ್, ಸಾಮಾನ್ಯವಾಗಿ 24 ಗಂಟೆಯೊಳಗೆ. ಡೊಂಬಿವಲಿಯಿಂದ ನೀವೇ ಮಾಡಬಹುದು: ಪಾಲಿಸಿ ನಂಬರ್, ಪಾಸ್‌ಪೋರ್ಟ್ ನಂಬರ್, ಆಸ್ಪತ್ರೆಯ ಹೆಸರು ಹೇಳಿ ಕ್ಲೇಮ್ ರೆಫರೆನ್ಸ್ ನಂಬರ್ ಬರೆದುಕೊಳ್ಳಿ. ಬಿಲ್ಲು ಕಂಪನಿಯೇ ಕಟ್ಟುತ್ತದೆ ಅನ್ನುವ ಕ್ಯಾಶ್‌ಲೆಸ್ ಗ್ಯಾರಂಟಿ ಪತ್ರ ಆಸ್ಪತ್ರೆಗೆ ಹೋಗುವುದು ಆ ನಂಬರಿನ ಮೇಲೆ. ಒಪಿಡಿಗೆ ಕೈಯಿಂದ ಕೊಟ್ಟು, ಡಾಕ್ಟರ ಚೀಟಿ, ಬಿಲ್, ರಸೀದಿ ಮೂರನ್ನೂ ತರಬೇಕು.

ಬೋರ್ಡಿಂಗ್ ಪಾಸ್ ಎಸೆಯಬಾರದು. ಷೆಂಗೆನ್ ಗಡಿಯಲ್ಲಿ 2025 ಅಕ್ಟೋಬರ್ 12ರಿಂದ ಹಂತಹಂತವಾಗಿ ಪಾಸ್‌ಪೋರ್ಟ್ ಮುದ್ರೆಯ ಬದಲು ಕಂಪ್ಯೂಟರ್ ದಾಖಲಾತಿ ಬಂದಿದೆ. ಅಲ್ಲಿಯ ಪ್ರಯಾಣದ ಪುರಾವೆಗೆ ಕೈಯಲ್ಲಿ ಉಳಿಯುವುದು ಬೋರ್ಡಿಂಗ್ ಪಾಸೇ.

ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಇನ್ಶೂರೆನ್ಸ್ ಒಂಬುಡ್ಸ್‌ಮನ್ (ಕಂಪನಿಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಇದ್ದಾರೆ. ಮುಂಬೈ, ಪುಣೆ ಎರಡೂ ಕಡೆ ಕಚೇರಿ ಇದೆ. ಫೀಸಿಲ್ಲ, ವಕೀಲರು ಬೇಕಿಲ್ಲ, ಒಂದು ವರ್ಷದೊಳಗೆ ಹೋಗಬೇಕು.

ಅಮ್ಮನ ಪರ್ಸಿಗೆ ಒಂದು ಚೀಟಿ ಮಾಡಿಕೊಡಿ. ಒಂದು ಬದಿಯಲ್ಲಿ ಅಪ್ಪನ ಮಾತ್ರೆಗಳ ಜೆನೆರಿಕ್ ಹೆಸರು, ಎಷ್ಟು ಎಂಜಿ ಅಂತ ಇಂಗ್ಲಿಷಿನಲ್ಲಿ. ಇನ್ನೊಂದು ಬದಿಯಲ್ಲಿ ಪಾಲಿಸಿ ನಂಬರ್, ನಿಮ್ಮ ನಂಬರ್, ಅಸಿಸ್ಟೆನ್ಸ್ ನಂಬರ್, ಎಲ್ಲ ಫೋನ್ ನಂಬರಿಗೂ ಮುಂದೆ + ಮತ್ತು ದೇಶದ ಕೋಡ್ ಹಾಕಿ. ಪಾಲಿಸಿಯ ಮುಖಪುಟದಲ್ಲಿ ದಪ್ಪಕ್ಷರದಲ್ಲಿರುವ 1800 ನಂಬರನ್ನು ಬರೆದುಕೊಡಬೇಡಿ. ಅದು ಭಾರತದೊಳಗಿನ ಟೋಲ್-ಫ್ರೀ, ಪ್ಯಾರಿಸಿನಿಂದ ಹತ್ತುವುದಿಲ್ಲ.